ವರ್ಣಭೇದದ ಗೋಡೆ ಒಡೆದ ಕಾಲೇಜು ಕೋಚ್

ಪ್ರತಿವರ್ಷ ಏಪ್ರಿಲ್ 15ರಂದು ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಹೊಸಬರಿಗೆ ಗೊಂದಲ ಹುಟ್ಟಿಸುವ ನೋಟವೊಂದು ಕಾಣಸಿಗುತ್ತದೆ. ಅಂದು ಮೇಜರ್ ಲೀಗ್‌ನ ಎಲ್ಲ ಆಟಗಾರರ ಬೆನ್ನ ಮೇಲೂ ಒಂದೇ ಸಂಖ್ಯೆ: 42. ಉಳಿದ ದಿನಗಳಲ್ಲಿ ಆ ಸಂಖ್ಯೆಯನ್ನು ಯಾರೂ ತೊಡುವಂತಿಲ್ಲ. 1947ರ ಅದೇ ದಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಕಣಕ್ಕಿಳಿದ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರನ ಸಂಖ್ಯೆ ಅದು. ಅದಕ್ಕೂ ಹಿಂದಿನ ಸುಮಾರು ಆರು ದಶಕಗಳ ಕಾಲ ಮೇಜರ್ ಲೀಗ್‌ನ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಲಿಖಿತ ಕಾನೂನೇನೂ ಇರಲಿಲ್ಲ. ಮಾಲೀಕರ ನಡುವಿನ ಒಳ ಒಪ್ಪಂದವೇ ಸಾಕಾಗಿತ್ತು.

ರಾಬಿನ್‌ಸನ್ ಹೆಸರು ಜಗತ್ತಿಗೆ ಗೊತ್ತು. ಆತನನ್ನು ಕರೆತಂದ ಡಾಡ್ಜರ್ಸ್ ತಂಡದ ಅಧ್ಯಕ್ಷ ಬ್ರಾಂಚ್ ರಿಕಿಯ ಹೆಸರೂ ಅಮೆರಿಕದಲ್ಲಿ ಮನೆಮಾತು. ಆದರೆ ಈ ರಿಕಿ ಮೂಲತಃ ಒಬ್ಬ ಕಾಲೇಜು ತರಬೇತುದಾರ ಎಂಬುದು ಹಲವರಿಗೆ ಮರೆತುಹೋಗಿದೆ. ಅವನು ಮುಂದೆ ಮಾಡಿದ ದೊಡ್ಡ ಕೆಲಸಗಳ ಬೇರುಗಳೆಲ್ಲ ಕಾಲೇಜಿನ ಅಂಗಳದಲ್ಲೇ ಇವೆ.

ಆಡುವಂತಿಲ್ಲ, ಕಲಿಸಬಹುದು

ರಿಕಿ ಹುಟ್ಟಿದ್ದು 1881ರ ಡಿಸೆಂಬರ್ 20ರಂದು, ಓಹಾಯೊ ರಾಜ್ಯದ ದಕ್ಷಿಣ ಭಾಗದ ಒಂದು ಒಕ್ಕಲು ಮನೆತನದಲ್ಲಿ. ಮೆಥಡಿಸ್ಟ್ ಪಂಥದ ಕಟ್ಟಾ ದೈವಭಕ್ತರ ಮನೆ. ಭಾನುವಾರ ಪ್ರಾರ್ಥನೆಗೆ ಮೀಸಲು, ಅಂದು ಆಟವಿಲ್ಲ ಎಂದು ತಾಯಿಗೆ ಕೊಟ್ಟ ಮಾತನ್ನು ರಿಕಿ ಕೊನೆಯವರೆಗೂ ಪಾಲಿಸಿದ. ಈ ಹಟದಿಂದಾಗಿಯೇ 1904ರಲ್ಲಿ ಸಿನ್ಸಿನಾಟಿ ತಂಡ ಆತನನ್ನು ಮನೆಗೆ ಕಳಿಸಿತ್ತು.

ಓಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆತ ಬೇಸಿಗೆಯಲ್ಲಿ ಸಂಭಾವನೆ ಪಡೆದು ಬೇರೆ ತಂಡಕ್ಕೆ ಆಡಿದ. ಕಾಲೇಜು ಕ್ರೀಡೆ ಹವ್ಯಾಸಿಗಳದ್ದು, ಹಣ ಮುಟ್ಟಿದವನಿಗೆ ಅಲ್ಲಿ ಜಾಗವಿಲ್ಲ ಎಂಬುದು ಅಂದಿನ ನಿಯಮ. ಹೀಗಾಗಿ ರಿಕಿ ಸ್ವಂತ ಕಾಲೇಜಿನ ತಂಡದಲ್ಲೇ ಆಡುವ ಅರ್ಹತೆ ಕಳೆದುಕೊಂಡ. ಆಡಲಾಗದಿದ್ದರೇನು, ಕಲಿಸಬಹುದಲ್ಲ? 1903ರಲ್ಲಿ, 21ರ ಹರೆಯದಲ್ಲಿ, ತನ್ನ ಓರಗೆಯ ಹುಡುಗರಿಗೇ ಆತ ತರಬೇತುದಾರನಾದ.

ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕ್ಯಾಚರ್ ಇದ್ದ. ಕ್ರಿಕೆಟ್ಟಿನ ವಿಕೆಟ್ ಕೀಪರ್‌ನಂತೆ ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವವನೇ ಕ್ಯಾಚರ್. ಥಾಮಸ್ ತಂಡದ ಏಕೈಕ ಕಪ್ಪು ಆಟಗಾರ. ನಾಟ್ರೆ ಡೇಮ್ ವಿಶ್ವವಿದ್ಯಾಲಯದ ಎದುರು ಆಡಲು ತಂಡ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿಗೆ ಹೋದಾಗ, ಹೋಟೆಲಿನವರು ಉಳಿದವರಿಗೆಲ್ಲ ಕೋಣೆ ಕೊಟ್ಟು ಥಾಮಸ್‌ಗೆ ಮಾತ್ರ ಇಲ್ಲವೆಂದರು. ರಿಕಿ ವಾದಕ್ಕೆ ನಿಂತ. ಕೊನೆಗೆ, ತನ್ನದೇ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿ ಥಾಮಸ್‌ನನ್ನು ಮಲಗಿಸಿಕೊಳ್ಳಲು ಒಪ್ಪಿಗೆ ಪಡೆದ.

ಅಂದು ರಾತ್ರಿ ಥಾಮಸ್ ಅಳುತ್ತ, ಚರ್ಮದ ಬಣ್ಣವನ್ನೇ ಕಿತ್ತು ಹಾಕುವವನಂತೆ ತನ್ನ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದನೆಂದು ರಿಕಿ ಮುಂದೆ ನೂರಾರು ಸಭೆಗಳಲ್ಲಿ ಹೇಳಿದ. ರಿಕಿ ಮಾತಿನ ಮಲ್ಲ. ಹೇಳುತ್ತ ಹೇಳುತ್ತ ಕತೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು ಎಂದು ಕೆಲವು ಇತಿಹಾಸಕಾರರು ಶಂಕಿಸುತ್ತಾರೆ. ಆದರೆ ಹೋಟೆಲಿನವರು ತಡೆದದ್ದನ್ನೂ ರಿಕಿಯ ಕೋಣೆಯಲ್ಲಿ ಮಲಗಿದ್ದನ್ನೂ ಥಾಮಸ್ ಕೂಡ ನೆನಪಿಸಿಕೊಂಡಿದ್ದ. ದಂತವೈದ್ಯನಾಗಿ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ನೆಲೆಸಿದ ಆತನ ಮತ್ತು ರಿಕಿಯ ಸ್ನೇಹ ಬಹುಕಾಲ ಉಳಿಯಿತು.

ಮಿಷಿಗನ್‌ನ ಮೇಷ್ಟ್ರು

ಆಟಗಾರನಾಗಿ ರಿಕಿ ಸಾಧಿಸಿದ್ದು ಅಷ್ಟಕ್ಕಷ್ಟೆ. 1907ರಲ್ಲಿ ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡದ ಕ್ಯಾಚರ್ ಆಗಿದ್ದಾಗ, ಗಾಯಗೊಂಡ ತೋಳಿನಿಂದ ಚೆಂಡು ಎಸೆಯಲಾಗದೆ ಒಂದೇ ಪಂದ್ಯದಲ್ಲಿ ಎದುರಾಳಿಗಳಿಗೆ 13 ಬೇಸ್‌ಗಳನ್ನು ಕದಿಯಲು ಬಿಟ್ಟ. ಯಾವ ಕ್ಯಾಚರ್‌ಗೂ ಬೇಡವಾದ ದಾಖಲೆ ಅದು. ಅದರ ಬೆನ್ನಿಗೇ ಕ್ಷಯರೋಗ ಬಂತು. ಚಿಕಿತ್ಸೆ ಪಡೆದು ಚೇತರಿಸಿಕೊಂಡವನು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದ. ಓದಿನ ಜೊತೆಜೊತೆಗೇ, 1910ರಿಂದ 1913ರವರೆಗೆ ಅಲ್ಲಿನ ಬೇಸ್‌ಬಾಲ್ ತಂಡವನ್ನು ತರಬೇತುಗೊಳಿಸಿದ. 1911ರಲ್ಲಿ ಪದವಿ ಕೈಗೆ ಬಂದರೂ ವಕೀಲಿ ವೃತ್ತಿ ಕೈ ಹಿಡಿಯಲಿಲ್ಲ. ಐಡಹೊ ರಾಜ್ಯದ ಬಾಯ್ಸಿಯಲ್ಲಿ ತೆರೆದ ಕಚೇರಿಗೆ ಕಕ್ಷಿದಾರರೇ ಬರಲಿಲ್ಲ.

ಮಿಷಿಗನ್‌ನಲ್ಲಿ ಆತನ ಕಣ್ಣಿಗೆ ಬಿದ್ದವನು ಜಾರ್ಜ್ ಸಿಸ್ಲರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ. ಹುಡುಗ ಪ್ರಾಯಕ್ಕೆ ಬರುವ ಮೊದಲೇ, ತಂದೆಯ ಒಪ್ಪಿಗೆಯಿಲ್ಲದೆ, ವೃತ್ತಿಪರ ತಂಡವೊಂದಕ್ಕೆ ಸಹಿ ಹಾಕಿ ಸಿಕ್ಕಿಬಿದ್ದಿದ್ದ. ಕಾನೂನು ಬಲ್ಲ ರಿಕಿಯ ಸಲಹೆ ಅವನಿಗೆ ನೆರವಾಯಿತು. ಒಪ್ಪಂದದಿಂದ ಬಿಡುಗಡೆ ಪಡೆದ ಸಿಸ್ಲರ್ 1915ರಲ್ಲಿ ಸೇರಿದ್ದು ರಿಕಿಯೇ ಮ್ಯಾನೇಜರ್ ಆಗಿದ್ದ ಸೇಂಟ್ ಲೂಯಿ ಬ್ರೌನ್ಸ್ ತಂಡವನ್ನು. 1920ರಲ್ಲಿ ಸಿಸ್ಲರ್ ಬಾರಿಸಿದ 257 ಹಿಟ್‌ಗಳ ದಾಖಲೆ 2004ರಲ್ಲಿ ಜಪಾನಿನ ಇಚಿರೊ ಸುಜುಕಿ ಮುರಿಯುವವರೆಗೆ ಅಬಾಧಿತವಾಗಿತ್ತು.

ವೃತ್ತಿಪರ ಕ್ರೀಡೆಗೆ ಹೋದರೂ ರಿಕಿ ಮೇಷ್ಟ್ರುತನ ಬಿಡಲಿಲ್ಲ. ಅಂದಿನ ತಂಡಗಳಲ್ಲಿ ಅಭ್ಯಾಸವೆಂದರೆ ಒಂದಷ್ಟು ಓಟ, ಒಂದಷ್ಟು ಬ್ಯಾಟಿಂಗ್, ಅಷ್ಟೇ. ರಿಕಿ ಆಟವನ್ನು ಪಠ್ಯದಂತೆ ಬಿಡಿಸಿ ಬಿಡಿಸಿ ಕಲಿಸಿದ. ಜಾರಿ ಬೇಸ್ ಮುಟ್ಟುವುದನ್ನು ಕಲಿಯಲು ಮರಳಿನ ಗುಂಡಿ, ಬ್ಯಾಟಿಂಗ್‌ಗೆ ಬಲೆಯ ಪಂಜರ, ಎಸೆತಗಾರನ ಗುರಿ ಪಳಗಲು ದಾರ ಕಟ್ಟಿದ ಚೌಕಟ್ಟು, ಸಂಜೆ ಉಪನ್ಯಾಸ. ಹಳೆಯ ಆಟಗಾರರು ನಕ್ಕರು. ಇಂದು ಇವೆಲ್ಲ ಸಾಮಾನ್ಯ ಸಂಗತಿ.

ಬೆಳೆ ತೆಗೆಯುವ ವಿದ್ಯೆ

ಸೇಂಟ್ ಲೂಯಿ ನಗರದ ಇನ್ನೊಂದು ತಂಡ ಕಾರ್ಡಿನಲ್ಸ್. 1917ರಲ್ಲಿ ರಿಕಿ ಅಲ್ಲಿಗೆ ಹೋದಾಗ ಬೊಕ್ಕಸ ಬರಿದಾಗಿತ್ತು. ಒಳ್ಳೆಯ ಆಟಗಾರರನ್ನು ಕೊಳ್ಳಲು ಹಣವಿಲ್ಲದಿದ್ದರೆ ಬೆಳೆಸಬೇಕು ಎಂಬುದು ಕಾಲೇಜು ಕೋಚ್‌ನ ಸಹಜ ಯೋಚನೆ. ಸಣ್ಣ ಊರುಗಳ ತಂಡಗಳನ್ನು ಒಂದೊಂದಾಗಿ ಹಿಡಿತಕ್ಕೆ ತೆಗೆದುಕೊಂಡು, ಹುಡುಗರನ್ನು ಕೆಳಗಿನ ಹಂತದಿಂದ ಮೇಲಕ್ಕೆ ತರುವ ಏಣಿಯನ್ನು ರಿಕಿ ಕಟ್ಟಿದ. ‘ಫಾರ್ಮ್’ ಪದ್ಧತಿ ಎಂದೇ ಇದು ಹೆಸರಾಯಿತು. 1926ರಿಂದ 1942ರವರೆಗೆ ಕಾರ್ಡಿನಲ್ಸ್ ನಾಲ್ಕು ಬಾರಿ ವಿಶ್ವ ಸರಣಿ ಗೆದ್ದಿತು.

ಈ ಬೆಳೆಗೆ ಕಳೆಯೂ ಇತ್ತು. ನೂರಾರು ಹುಡುಗರು ಅಲ್ಪ ಸಂಬಳಕ್ಕೆ ವರ್ಷಗಟ್ಟಲೆ ಒಂದೇ ಯಜಮಾನನ ಕೈಯಲ್ಲಿ ಉಳಿಯಬೇಕಾಗುತ್ತಿತ್ತು. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್, ಕಾರ್ಡಿನಲ್ಸ್‌ನ 70ಕ್ಕೂ ಹೆಚ್ಚು ಹುಡುಗರನ್ನು ಬಂಧಮುಕ್ತಗೊಳಿಸಿದ. ಆಟಗಾರರ ಮಾರಾಟದಲ್ಲಿ ರಿಕಿಗೆ ಪಾಲು ಸಿಗುತ್ತಿತ್ತು. ಸಂಬಳದ ಚೌಕಾಸಿಯಲ್ಲಂತೂ ಆತ ಜಿಪುಣಾಗ್ರೇಸರ.

ಇನ್ನೂ ಒಂದು ಪ್ರಶ್ನೆ ಕಾಡುತ್ತದೆ. ಸೇಂಟ್ ಲೂಯಿಯ ಕ್ರೀಡಾಂಗಣದಲ್ಲಿ ಕಪ್ಪು ಪ್ರೇಕ್ಷಕರು ಪ್ರತ್ಯೇಕ ಜಾಗದಲ್ಲೇ ಕೂರಬೇಕಿತ್ತು. ಈ ಪಂಕ್ತಿಭೇದ ಕೊನೆಗೊಂಡದ್ದು 1944ರಲ್ಲಿ, ರಿಕಿ ಆ ಊರು ಬಿಟ್ಟ ಮೇಲೆ. ಥಾಮಸ್‌ನ ಕಣ್ಣೀರು ಕಂಡವನು ಕಾರ್ಡಿನಲ್ಸ್‌ನ ಆಡಳಿತದಲ್ಲಿದ್ದ ಕಾಲು ಶತಮಾನದಲ್ಲಿ ಅದನ್ನು ಬದಲಿಸಲಾಗಲಿಲ್ಲ. ಅನುಕಂಪವೊಂದೇ ಸಾಲದು, ಅಧಿಕಾರವೂ ಕಾಲವೂ ಕೂಡಿ ಬರಬೇಕು ಎನ್ನುವುದಕ್ಕೆ ಇದು ನಿದರ್ಶನ.

ಮೂರು ಗಂಟೆಗಳ ಪರೀಕ್ಷೆ

ಅವೆರಡೂ ಕೂಡಿ ಬಂದದ್ದು ಬ್ರೂಕ್ಲಿನ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಕಪ್ಪು ಸೈನಿಕರು ದೇಶಕ್ಕಾಗಿ ಹೋರಾಡಿದ್ದರು. ಬದಲಾವಣೆಗೆ ಅಡ್ಡಿಯೆಂದು ಹೆಸರಾಗಿದ್ದ ಲ್ಯಾಂಡಿಸ್ 1944ರಲ್ಲಿ ತೀರಿಕೊಂಡಿದ್ದ. ಕಪ್ಪು ಪತ್ರಕರ್ತರು ವರ್ಷಗಳಿಂದ ಒತ್ತಡ ಹೇರುತ್ತಿದ್ದರು. ಇತ್ತ ಡಾಡ್ಜರ್ಸ್ ಗೆಲ್ಲಬೇಕಿತ್ತು, ಪ್ರೇಕ್ಷಕರೂ ಬರಬೇಕಿತ್ತು. ಧರ್ಮ, ಲಾಭ ಎರಡೂ ಒಂದೇ ದಾರಿ ತೋರಿದವು.

ರಿಕಿಯ ಶೋಧಕರು ಕಪ್ಪು ಆಟಗಾರರ ಪಂದ್ಯಗಳನ್ನು ಸದ್ದಿಲ್ಲದೆ ನೋಡತೊಡಗಿದರು. ಅವರಲ್ಲೊಬ್ಬ ಮಿಷಿಗನ್‌ನ ಹಳೆಯ ಶಿಷ್ಯ ಸಿಸ್ಲರ್. ಆಯ್ಕೆಯಾದ ರಾಬಿನ್‌ಸನ್ ಕೂಡ ಕಾಲೇಜು ಕ್ರೀಡೆಯ ಕೂಸೇ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಆತ ನಾಲ್ಕು ಕ್ರೀಡೆಗಳಲ್ಲಿ ಪ್ರತಿನಿಧಿಸಿದ್ದ. ಸೇನೆಯಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗಲು ಒಪ್ಪದೆ 1944ರಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ಎದುರಿಸಿ ನಿರ್ದೋಷಿಯಾಗಿದ್ದ.

1945ರ ಆಗಸ್ಟ್ 28ರಂದು ಬ್ರೂಕ್ಲಿನ್‌ನ ಕಚೇರಿಯಲ್ಲಿ ಇಬ್ಬರ ಭೇಟಿ ನಡೆಯಿತು. ಸುಮಾರು ಮೂರು ಗಂಟೆಗಳ ಕಾಲ ರಿಕಿ ನಾಟಕವನ್ನೇ ಆಡಿದ. ಒಮ್ಮೆ ಬಾಯಿಗೆ ಬಂದಂತೆ ಬಯ್ಯುವ ಎದುರಾಳಿ, ಒಮ್ಮೆ ಊಟ ಬಡಿಸದ ಮಾಣಿ, ಇನ್ನೊಮ್ಮೆ ಕೋಣೆ ಇಲ್ಲವೆನ್ನುವ ಹೋಟೆಲ್ ಗುಮಾಸ್ತ. ಎಷ್ಟೇ ಕೆಣಕಿದರೂ ತಿರುಗಿ ಬೀಳದ ಗಟ್ಟಿತನ ಇದೆಯೇ ಎಂಬುದು ಪರೀಕ್ಷೆ. ರಾಬಿನ್‌ಸನ್ ಒಪ್ಪಿದ. ತಿಂಗಳಿಗೆ 600 ಡಾಲರ್ ಸಂಬಳ, 3,500 ಡಾಲರ್ ಬೋನಸ್ ಗೊತ್ತಾಯಿತು. 1946ರಲ್ಲಿ ಮಾಂಟ್ರಿಯಲ್‌ನ ಫಾರ್ಮ್ ತಂಡದಲ್ಲಿ ಆಡಿ, ಮರುವರ್ಷ ಬ್ರೂಕ್ಲಿನ್‌ಗೆ ಬಂದ. ಆ ವರ್ಷ ಫಿಲಡೆಲ್ಫಿಯಾದಲ್ಲಿ ಹೋಟೆಲೊಂದು ರಾಬಿನ್‌ಸನ್ ಇದ್ದಾನೆಂಬ ಕಾರಣಕ್ಕೆ ಇಡೀ ತಂಡಕ್ಕೇ ಜಾಗ ನಿರಾಕರಿಸಿತು. ಸೌತ್ ಬೆಂಡ್‌ನ ಘಟನೆ ನಡೆದು ನಾಲ್ಕು ದಶಕ ಕಳೆದರೂ ಹೋಟೆಲುಗಳ ಬುದ್ಧಿ ಬದಲಾಗಿರಲಿಲ್ಲ. ಆದರೆ ರಾಬಿನ್‌ಸನ್ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದ. 1949ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಾದ.

ಜಮಾ, ಖರ್ಚು

ರಾಬಿನ್‌ಸನ್‌ನನ್ನು ಕರೆತಂದದ್ದಕ್ಕೆ ಆತನ ಹಿಂದಿನ ತಂಡ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ನೀಗ್ರೋ ಲೀಗ್‌ಗಳಲ್ಲಿ ಸರಿಯಾದ ಒಪ್ಪಂದಗಳೇ ಇಲ್ಲ ಎಂಬುದು ಆತನ ವಾದ. ನೂವರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದಳು. ಆಕೆಯ ತಂಡದ ಲ್ಯಾರಿ ಡೋಬಿಯನ್ನು 1947ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಕರೆಸಿಕೊಂಡ ಬಿಲ್ ವೀಕ್ ಹಣ ಕೊಟ್ಟಿದ್ದ. ಹಾಗಾಗಿ, ಬೇರೆ ದಾರಿ ಇರಲಿಲ್ಲ ಎನ್ನುವಂತಿಲ್ಲ. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಹೊರಟ ಮೇಲೆ, ಕಪ್ಪು ಜನರು ತಾವೇ ಕಟ್ಟಿ ಬೆಳೆಸಿದ್ದ ನೀಗ್ರೋ ನ್ಯಾಷನಲ್ ಲೀಗ್ 1948ರ ನಂತರ ಮುಚ್ಚಿತು. ಆಟಗಾರನಿಗೆ ಬಾಗಿಲು ತೆರೆಯಿತು, ಆತನನ್ನು ಬೆಳೆಸಿದ ಮನೆ ಬಿದ್ದುಹೋಯಿತು.

ರಿಕಿ 1965ರ ಡಿಸೆಂಬರ್ 9ರಂದು ತೀರಿಕೊಂಡ. ಅದಕ್ಕೂ ಮುನ್ನ, ನವೆಂಬರ್‌ನಲ್ಲಿ, ಮಿಸೌರಿಯಲ್ಲಿ ಭಾಷಣ ಮಾಡುತ್ತಿದ್ದಾಗಲೇ ವೇದಿಕೆಯ ಮೇಲೆ ಕುಸಿದಿದ್ದ. ಬೇಸ್‌ಬಾಲ್ ಕೀರ್ತಿಭವನಕ್ಕೆ ಆತನ ಹೆಸರು ಸೇರಿದ್ದು 1967ರಲ್ಲಿ.

ಓಹಾಯೊ ವೆಸ್ಲಿಯನ್, ಮಿಷಿಗನ್ ತಂಡಗಳಿಗೆ ರಿಕಿ ಗೆದ್ದುಕೊಟ್ಟ ಪಂದ್ಯಗಳೆಷ್ಟು ಎಂದು ಇಂದು ಯಾರೂ ಕೇಳುವುದಿಲ್ಲ. ಕಾಲೇಜು ಕೋಚ್‌ಗಳನ್ನು ಸಾಮಾನ್ಯವಾಗಿ ಅಳೆಯುವುದು ಆ ಲೆಕ್ಕದಿಂದಲೇ. ರಿಕಿಯ ವಿಷಯದಲ್ಲಿ ಆ ಅಳತೆಗೋಲು ಸಾಲದು. ಒಬ್ಬ ಶಿಷ್ಯ ಆತನಿಗೆ ಆಟಗಾರನನ್ನು ಗುರುತಿಸುವುದನ್ನು ಕಲಿಸಿದ, ಇನ್ನೊಬ್ಬ ಅವಮಾನವನ್ನು ಗುರುತಿಸುವುದನ್ನು ಕಲಿಸಿದ. ಎರಡೂ ಪಾಠಗಳು ಒಟ್ಟಾಗಿ ಉಪಯೋಗಕ್ಕೆ ಬರಲು ಅಮೆರಿಕ 1947ರವರೆಗೆ ಕಾಯಬೇಕಾಯಿತು.