ಗ್ಯಾಸ್ ಗೀಸರ್‌ನಲ್ಲಿ ಬಿಸಿನೀರು ಬರುತ್ತಿಲ್ಲವೇ? ಮೊದಲು ಏನು ನೋಡಬೇಕು, ಯಾವುದಕ್ಕೆ ಕೈ ಹಾಕಬಾರದು

ಚಳಿಗಾಲದ ಬೆಳಿಗ್ಗೆ ಗ್ಯಾಸ್ ಗೀಸರ್ ಕೈಕೊಟ್ಟರೆ ಮೆಕ್ಯಾನಿಕ್‌ಗಿಂತ ಮೊದಲು ನೆರವಿಗೆ ಬರುವುದು ವಾಟ್ಸ್‌ಆ್ಯಪ್ ಸಲಹೆಗಳು. ಸಿಲಿಂಡರ್ ಮಲಗಿಸಿ, ಅದರ ಮೇಲೆ ಬಿಸಿನೀರು ಸುರಿಯಿರಿ, ಉರಿ ಆರದಂತೆ ಕಿಟಕಿ ಮುಚ್ಚಿ ಎಂಬಂಥವು. ಇವು ಬಿಸಿನೀರು ತರುವುದಿಲ್ಲ, ಅಪಾಯ ತರುತ್ತವೆ. ಮನೆಯಲ್ಲಿ ನಾವೇ ನೋಡಬಹುದಾದ ಸಂಗತಿಗಳು ಯಾವುವು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಗೀಸರ್ ಹೊತ್ತಿಕೊಳ್ಳುವುದು ಹೇಗೆ?

ಹೆಚ್ಚಿನ ಗ್ಯಾಸ್ ಗೀಸರ್‌ಗಳಲ್ಲಿ ಎರಡು ದೊಡ್ಡ ಸೆಲ್‌ಗಳಿರುತ್ತವೆ. ನಲ್ಲಿ ತಿರುಗಿಸಿದಾಗ ಒಳಬರುವ ನೀರಿನ ಒತ್ತಡವು ಒಂದು ರಬ್ಬರ್ ಪೊರೆಯನ್ನು ತಳ್ಳುತ್ತದೆ. ಅದರಿಂದ ಸ್ವಿಚ್ ಆನ್ ಆಗಿ, ಸೆಲ್‌ನ ಬಲದಿಂದ 'ಟಿಕ್ ಟಿಕ್' ಎಂದು ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ. ಉರಿ ಹೊತ್ತಿದ್ದು ಸೆನ್ಸರ್‌ಗೆ ಗೊತ್ತಾಗದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಗ್ಯಾಸ್ ನಿಲ್ಲುತ್ತದೆ. ಅಂದರೆ ನೀರು, ಸೆಲ್, ಗ್ಯಾಸ್, ಗಾಳಿ ನಾಲ್ಕೂ ಸರಿಯಿರಬೇಕು. ತೊಂದರೆ ಎಲ್ಲಿದೆ ಎಂಬುದನ್ನು ಶಬ್ದ ಮತ್ತು ಉರಿಯೇ ಹೇಳುತ್ತವೆ.

1. ಟಿಕ್ ಟಿಕ್ ಶಬ್ದವೇ ಇಲ್ಲ

ಮೊದಲು ಎರಡೂ ಸೆಲ್‌ಗಳನ್ನು ಒಟ್ಟಿಗೆ ಬದಲಿಸಿ. ಹಳೆಯದೊಂದು, ಹೊಸದೊಂದು ಹಾಕಬೇಡಿ. ಆಮೇಲೂ ಶಬ್ದ ಬರದಿದ್ದರೆ ನೀರಿನ ಒತ್ತಡ ಕಡಿಮೆಯಿರಬಹುದು. ಟ್ಯಾಂಕ್‌ನಲ್ಲಿ ನೀರಿದೆಯೇ, ಗೀಸರ್‌ಗೆ ಬರುವ ವಾಲ್ವ್ ಪೂರ್ತಿ ತೆರೆದಿದೆಯೇ, ಶವರ್‌ನ ತೂತುಗಳು ಕಟ್ಟಿಕೊಂಡಿವೆಯೇ ನೋಡಿ. ನೀರು ಒಳಹೋಗುವ ಜಾಗದಲ್ಲಿರುವ ಸಣ್ಣ ಜಾಲರಿಯಲ್ಲಿ ಮರಳು, ಕಸ ಸೇರಿದ್ದರೂ ಹೀಗಾಗುತ್ತದೆ. ಟ್ಯಾಂಕ್ ಹೆಚ್ಚು ಎತ್ತರದಲ್ಲಿಲ್ಲದ ಮೇಲಿನ ಮಹಡಿಯ ಮನೆಗಳಲ್ಲಿ ಈ ತೊಂದರೆ ಸಾಮಾನ್ಯ.

2. ಶಬ್ದ ಬರುತ್ತದೆ, ಉರಿ ಹೊತ್ತುವುದಿಲ್ಲ

ಇಲ್ಲಿ ಕೊರತೆ ಗ್ಯಾಸ್‌ನದ್ದು. ರೆಗ್ಯುಲೇಟರ್ ಆನ್ ಆಗಿದೆಯೇ, ಸಿಲಿಂಡರ್ ಖಾಲಿಯಾಗಿದೆಯೇ, ಪೈಪ್ ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪ್‌ನಲ್ಲಿ ಗಾಳಿ ಸೇರಿರಬಹುದು; ನಲ್ಲಿಯನ್ನು ಎರಡು ಮೂರು ಬಾರಿ ತೆರೆದು ಮುಚ್ಚಿ ನೋಡಿ. ಗ್ಯಾಸ್ ವಾಸನೆ ಬಂದರೆ ಪ್ರಯತ್ನವನ್ನು ಅಲ್ಲೇ ನಿಲ್ಲಿಸಿ.

3. ಉರಿ ಹೊತ್ತಿ ಆರಿಹೋಗುತ್ತದೆ

ಹಲವು ಮಾದರಿಗಳಲ್ಲಿ ಸುಮಾರು 20 ನಿಮಿಷದ ಬಳಿಕ ಗೀಸರ್ ತಾನಾಗಿ ನಿಲ್ಲುವ ವ್ಯವಸ್ಥೆಯಿರುತ್ತದೆ. ಅದು ಕೆಟ್ಟದ್ದಲ್ಲ, ನಿಮ್ಮ ರಕ್ಷಣೆಗಾಗಿಯೇ ಇರುವುದು. ಆದರೆ ಹೊತ್ತಿದ ಕೂಡಲೇ ಆರುತ್ತಿದ್ದರೆ ಸೆನ್ಸರ್‌ಗೆ ಮಸಿ ಹಿಡಿದಿರಬಹುದು ಅಥವಾ ಕೋಣೆಯಲ್ಲಿ ಗಾಳಿ ಸಾಲದಿರಬಹುದು. ಸೆನ್ಸರ್ ತಪ್ಪಿಸಿ ಗೀಸರ್ ಓಡಿಸುವ ವಿಡಿಯೊ ನೋಡಿ ಅದನ್ನು ಮಾಡಬೇಡಿ. ಮೆಕ್ಯಾನಿಕ್‌ನನ್ನು ಕರೆಯಿರಿ.

4. ಉರಿ ಇದೆ, ನೀರು ಉಗುರುಬೆಚ್ಚಗಷ್ಟೇ

ನೀರು ವೇಗವಾಗಿ ಹರಿದಷ್ಟೂ ಕಡಿಮೆ ಬಿಸಿಯಾಗುತ್ತದೆ. ನೀರಿನ ನಾಬ್ ಸ್ವಲ್ಪ ಕಡಿಮೆ ಮಾಡಿ, ಗ್ಯಾಸ್ ನಾಬ್ ಹೆಚ್ಚಿಸಿ. ಬೇಸಿಗೆ–ಚಳಿಗಾಲದ ನಾಬ್ ಇದ್ದರೆ ಚಳಿಗಾಲಕ್ಕೆ ತಿರುಗಿಸಿ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಒಳಗಿನ ತಾಮ್ರದ ಕೊಳವೆಗೆ ಬಿಳಿ ಸುಣ್ಣದ ಪದರ ಕಟ್ಟಿ ಶಾಖ ನೀರಿಗೆ ದಾಟುವುದಿಲ್ಲ. ಅದನ್ನು ತೆಗೆಯಲು ಸರ್ವಿಸ್ ಮಾಡಿಸಬೇಕು.

ಹರಿದಾಡುವ ಸಲಹೆಗಳು ಎಷ್ಟು ನಿಜ?

ಸಿಲಿಂಡರ್ ಮಲಗಿಸಿದರೆ ಉಳಿದ ಗ್ಯಾಸ್ ಬರುತ್ತದೆ: ಅಪಾಯಕಾರಿ. ಸಿಲಿಂಡರ್‌ನೊಳಗೆ ಗ್ಯಾಸ್ ದ್ರವರೂಪದಲ್ಲಿರುತ್ತದೆ. ನೆಟ್ಟಗಿದ್ದಾಗ ಮೇಲಿನ ಆವಿ ಮಾತ್ರ ಹೊರಬರುತ್ತದೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗಿ, ಹೊರಬಂದು ನೂರಾರು ಪಟ್ಟು ಹಿಗ್ಗಿ ದೊಡ್ಡ ಉರಿಗೆ ಕಾರಣವಾಗಬಹುದು. ಬಿಸಿನೀರು ಸುರಿದು ಸಿಲಿಂಡರ್ ಕಾಯಿಸುವುದೂ ಸಲ್ಲದು.

ವಾಸನೆ ಇಲ್ಲದಿದ್ದರೆ ಅಪಾಯವಿಲ್ಲ: ಸುಳ್ಳು. ನಮಗೆ ಬರುವ ವಾಸನೆ ಸೋರಿಕೆ ತಿಳಿಯಲೆಂದು ಅಡುಗೆ ಅನಿಲಕ್ಕೆ ಬೆರೆಸಿದ್ದು. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಒಳಗೇ ಕುಸಿದುಬಿದ್ದ ಸುದ್ದಿಗಳ ಹಿಂದೆ ಹಲವು ಬಾರಿ ಇರುವುದು ಇದೇ.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು: ಪೂರ್ತಿ ನಿಜವಲ್ಲ. ಹೊರಗೆ ಗಾಳಿ ಹೋಗಬೇಕಾದರೆ ಒಳಗೆ ಹೊಸ ಗಾಳಿ ಬರುವ ದಾರಿಯೂ ಬೇಕು. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಯುಟಿಲಿಟಿ ಅಥವಾ ಬಾಲ್ಕನಿಯಲ್ಲಿದ್ದು ಪೈಪ್ ಮಾತ್ರ ಒಳಬರುವುದೇ ಸುರಕ್ಷಿತ.

ಆಕ್ಸಿಮೀಟರ್‌ನಲ್ಲಿ ಗೊತ್ತಾಗುತ್ತದೆ: ಇಲ್ಲ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. 98 ತೋರಿಸಿದರೂ ವ್ಯಕ್ತಿ ಅಪಾಯದಲ್ಲಿರಬಹುದು.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

ನೀಲಿಯಿರಬೇಕಾದ ಉರಿ ಹಳದಿಯಾಗಿದ್ದರೆ, ಗೀಸರ್ ಮೇಲೆ ಕಪ್ಪು ಮಸಿ ಕಂಡರೆ ಅಂದಿಗೇ ಬಳಕೆ ನಿಲ್ಲಿಸಿ. ಸ್ನಾನದ ಹೊತ್ತಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಬಲವಿಲ್ಲದಂತಾದರೆ ಆ ಕ್ಷಣವೇ ಹೊರಬನ್ನಿ. ಬೇರೆಯವರು ಒಳಗೆ ಕುಸಿದಿದ್ದರೆ ಬಾಗಿಲು, ಕಿಟಕಿ ತೆರೆದು, ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲ ಗಾಳಿಗೆ ತನ್ನಿ. 108 ಅಥವಾ 112ಕ್ಕೆ ಕರೆ ಮಾಡಿ, ಗ್ಯಾಸ್ ಗೀಸರ್ ಇತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ.

ಗ್ಯಾಸ್ ವಾಸನೆ ಬಂದಾಗ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆರೆಯಿರಿ. ಲೈಟ್, ಫ್ಯಾನ್ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಒಟ್ಟಾರೆ, ಸೆಲ್, ನೀರು, ರೆಗ್ಯುಲೇಟರ್, ನಾಬ್ ಇಷ್ಟನ್ನು ನೀವೇ ನೋಡಬಹುದು. ಕವಚ ಬಿಚ್ಚುವ ಕೆಲಸವೆಲ್ಲ ತಿಳಿದವರದ್ದು. ಈ ಮಾಹಿತಿಯನ್ನು ಗ್ಯಾಸ್ ಗೀಸರ್ ಇರುವ ನಿಮ್ಮ ಬಂಧುಗಳಿಗೂ, ಮನೆ ಬಾಡಿಗೆಗೆ ಕೊಟ್ಟವರಿಗೂ ಕಳುಹಿಸಿ.