ಚೌಳು ಮಣ್ಣಿನ ಮಾಳಿಗೆ: ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ ಮನೆ ದುರಸ್ತಿಯ ಭಾಷೆ

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಗೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳು ಏಕಕಾಲಕ್ಕೆ ಉಕ್ಕಿ ಹರಿದವು. ಕರ್ನೂಲು ನಗರ ಜಲಾವೃತವಾಯಿತು. ಮಂತ್ರಾಲಯದ ಮಠಕ್ಕೂ ಸುತ್ತಲಿನ ಊರುಗಳಿಗೂ ನೀರು ನುಗ್ಗಿತು. ಸುಮಾರು 19 ಲಕ್ಷ ಕ್ಯೂಸೆಕ್ ಪ್ರವಾಹಕ್ಕೆಂದು ರೂಪಿಸಿದ್ದ ಶ್ರೀಶೈಲ ಅಣೆಕಟ್ಟೆಗೆ 25 ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ನೀರು ಬಂತು. ನೆರೆಯನ್ನು ಸಾಮಾನ್ಯವಾಗಿ ಇಂಥ ಅಂಕಿಗಳಲ್ಲಿ ನೆನೆಯಲಾಗುತ್ತದೆ. ನೀರು ಇಳಿದ ಬಳಿಕ ಮನೆಯನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಇದಕ್ಕಿಂತ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸ ಉಳಿದಿರುವುದು ಹೆಚ್ಚಾಗಿ ಪದಗಳಲ್ಲಿ.

ಮಂತ್ರಾಲಯವನ್ನು ಒಳಗೊಂಡ ಆದವಾನಿ ಸೀಮೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹಸ್ತಾಂತರವಾದ ದತ್ತ ಮಂಡಲದ ಭಾಗ. ಮುಂದೆ ಅದು ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಆಡಳಿತದ ಭಾಷೆ ಬದಲಾಯಿತು. ಮನೆ ಕಟ್ಟುವ ಬಗೆ ಮಾತ್ರ ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಅದು ಮಣ್ಣಿನ ಚಪ್ಪಟೆ ಛಾವಣಿಯ ಮನೆ: ಕನ್ನಡದಲ್ಲಿ ಮಾಳಿಗೆ, ತೆಲುಗಿನಲ್ಲಿ ಮಿದ್ದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ತುಂಡು ಇಲ್ಲವೆ ಬಂಡೆ, ಸೊಪ್ಪಿನ ಹಾಸು, ಮಣ್ಣು, ಕೊನೆಗೆ ಚೌಳು. ಈ ಕ್ಷಾರಮಣ್ಣು ನೆನೆದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ನೀರು ಕೆಳಗಿಳಿಯುವುದಿಲ್ಲ. ಬೆಳೆಗೆ ಒದಗದ ಮಣ್ಣೇ ಮನೆಯನ್ನು ಕಾಯುತ್ತದೆ. ಕನ್ನಡದ ಚೌಳು ತೆಲುಗಿನಲ್ಲಿ ಚೌಡು. ಕನ್ನಡದ ದೂಲ ತೆಲುಗಿನಲ್ಲಿ ದೂಲಂ. ಛಾವಣಿಯ ಬೆಳಕಿಂಡಿ ಎರಡೂ ಭಾಷೆಗಳಲ್ಲಿ ಗವಾಕ್ಷಿ. ಕೆಲವು ಪದಗಳು ಮಾತ್ರ ಬೇರೆ ದಾರಿ ಹಿಡಿಯುತ್ತವೆ: ಧಾನ್ಯದ ಹಗೇವು ಅಲ್ಲಿ ಪಾತರ.

ಇಂಥ ಮನೆ ಎಂದೂ ಪೂರ್ತಿ ಮುಗಿದುದಲ್ಲ. ಮಳೆಗಾಲಕ್ಕೆ ಮೊದಲು ಛಾವಣಿಗೆ ಹೊಸ ಚೌಳು ಹರವಬೇಕು, ಬಿರುಕು ಮುಚ್ಚಬೇಕು, ಗೋಡೆ ಮೆತ್ತಬೇಕು. ಆಪತ್ತಿನ ದುರಸ್ತಿಗೆ ಬೇಕಾದ ತಿಳಿವಳಿಕೆಯನ್ನು ಈ ವಾರ್ಷಿಕ ರೂಢಿಯೇ ಕಾಪಾಡುತ್ತಿತ್ತು. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ನೆರೆಯಲ್ಲಿ ಗೋಡೆಯ ಬುಡ ನೆನೆದು ಸತ್ವ ಕಳೆದುಕೊಂಡರೆ ಈ ಭಾರ ಕೆಳಗೆ ಕುಸಿಯುತ್ತದೆ. ಹಲವು ವೇಳೆ ನೀರು ಇಳಿದ ಮೇಲೆಯೇ ಗೋಡೆ ಬೀಳುತ್ತದೆ. ಆದರೆ ಭಾರವನ್ನು ಕಂಬಗಳು ಹೊತ್ತಿದ್ದರೆ ಗೋಡೆ ಬಿದ್ದರೂ ಮಾಳಿಗೆ ನಿಲ್ಲಬಹುದು. ಅದರಡಿಯಲ್ಲೇ ಹೊಸ ಗೋಡೆ ಎಬ್ಬಿಸಬಹುದು. ಬಿದ್ದ ಮಣ್ಣನ್ನು ಕಲಸಿ ಮತ್ತೆ ಬಳಸಬಹುದು; ಕಲ್ಲು, ತೊಲೆ, ಬಾಗಿಲುಗಳೂ ಮರಳಿ ಉಪಯೋಗಕ್ಕೆ ಬರುತ್ತವೆ. ಅವಸರದಲ್ಲಿ ಹಸಿ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಕೊರೆಯುತ್ತದೆ. ಸುಣ್ಣದ ಗಾರೆ, ಮಣ್ಣಿನ ಮೆತ್ತನೆಗಳಲ್ಲಿ ಆ ತೇವ ಹೊರಹೋಗಲು ದಾರಿಯಿದೆ.

ಪರಿಹಾರದ ಕಡತಗಳಿಗೆ ಬೇರೆಯದೇ ಆದ ಪದಕೋಶವಿದೆ. ಹಾನಿಗೊಂಡ ಮನೆಯನ್ನು ಅವು ಪಕ್ಕಾ ಅಥವಾ ಕಚ್ಚಾ, ಪೂರ್ಣ ಹಾನಿ ಅಥವಾ ಭಾಗಶಃ ಹಾನಿ ಎಂದು ವಿಂಗಡಿಸುತ್ತವೆ. ತಲೆಮಾರುಗಳಿಂದ ನಿಂತಿರುವ, ಆದರೆ ವರ್ಷಕ್ಕೊಮ್ಮೆ ಆರೈಕೆ ಬೇಡುವ ಮಾಳಿಗೆ ಈ ಜೋಡಿಗಳಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ. ಪೂರ್ಣ ಹಾನಿಗೆ ಹೆಚ್ಚು ಪರಿಹಾರ ಸಿಗುವಲ್ಲಿ ಉಳಿಸಬಹುದಾದ ಮನೆಯನ್ನು ಉಳಿಸುವುದು ಮನೆಯವರಿಗೇ ನಷ್ಟದ ವ್ಯವಹಾರವಾಗುತ್ತದೆ. 2009ರ ನೆರೆಯ ನಂತರ ಕರ್ನಾಟಕದಲ್ಲಿ ಹೊಸ ಮನೆಗಳ ಯೋಜನೆಗೆ ‘ಆಸರೆ’ ಎಂಬ ಹೆಸರಿತ್ತು. ಆಂಧ್ರದಲ್ಲಿ ಆಗ ಜಾರಿಯಲ್ಲಿದ್ದ ವಸತಿ ಕಾರ್ಯಕ್ರಮ ‘ಇಂದಿರಮ್ಮ’. ಮನೆಯವರು ಒಂದು ಕಡೆ ‘ಫಲಾನುಭವಿ’, ಇನ್ನೊಂದು ಕಡೆ ‘ಲಬ್ಧಿದಾರು’. ಹೆಸರುಗಳು ಬೇರೆಯಾದರೂ ಛಾವಣಿಯ ಮಾದರಿ ಒಂದೇ: ಕಾಂಕ್ರೀಟು.

ಕಾಂಕ್ರೀಟನ್ನು ಬಯಸಿದವರ ಬಯಕೆ ಅಲ್ಲಗಳೆಯುವಂಥದಲ್ಲ. ಪ್ರತಿ ವರ್ಷ ಮಣ್ಣು ಹೊರುವ ದುಡಿಮೆಯಿಂದ, ಸೋರುವ ರಾತ್ರಿಗಳಿಂದ ಬಿಡುಗಡೆ ಸಣ್ಣ ಸಂಗತಿಯೇನಲ್ಲ. ಆದರೆ ಗಡಿನಾಡಿನ ಭಾಷಾ ಚರಿತ್ರೆ ಗಮನಿಸಬೇಕಾದ ಅಂಶ ಇಲ್ಲಿದೆ. ಚೌಳು–ಚೌಡು, ದೂಲ–ದೂಲಂ ಎಂಬ ಜೋಡಿಗಳು ಎರಡು ಭಾಷಿಕರು ಒಂದೇ ಕೆಲಸವನ್ನು ಜೊತೆಯಾಗಿ ಮಾಡಿದುದರ ಗುರುತು. 1953ರ ಗೆರೆ ಅವನ್ನು ಬೇರ್ಪಡಿಸಲಿಲ್ಲ. ಕೆಲಸವೇ ನಿಂತಾಗ ಎರಡೂ ಭಾಷೆಗಳು ಅವನ್ನು ಒಟ್ಟಿಗೆ ಕಳೆದುಕೊಳ್ಳುತ್ತವೆ. ಇಲ್ಲಿನ ಅಳಿವನ್ನು ಕನ್ನಡದ ಮೇಲೆ ತೆಲುಗಿನ ಗೆಲುವೆಂದು ಬರೆದರೆ ಚರಿತ್ರೆ ತಪ್ಪುತ್ತದೆ. ಆದ್ದರಿಂದ ಗಡಿ ಕನ್ನಡದ ಪದಸಂಗ್ರಹಕ್ಕೆ ಹೊರಟವರು ತೆಲುಗಿನ ಜೋಡಿಪದವನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು. ಮಾಳಿಗೆಯ ಮೇಲೆ ಇನ್ನೂ ಚೌಳು ಹರವುವ ಮನೆಗಳಿಗೆ ಮಳೆಗಾಲಕ್ಕೆ ಮೊದಲೇ ಹೋಗಬೇಕು.