ಮದ್ಯದಂಗಡಿಗಳಲ್ಲಿ ಹದಿಹರೆಯದವರ ದುಡಿಮೆ

ಮದ್ಯದಂಗಡಿಗಳಲ್ಲಿ ಹದಿಹರೆಯದವರ ದುಡಿಮೆ: ಬಾರ್ ಅಂಡ್ ರೆಸ್ಟೋರೆಂಟ್, ವೈನ್ ಶಾಪ್, ಮದ್ಯ ಒದಗಿಸುವ ವಸತಿಗೃಹ ಮತ್ತು ಡಾಬಾಗಳಲ್ಲಿ 13ರಿಂದ 19 ವರ್ಷದವರು ಮಾಡುವ ಕೆಲಸ. ಭಾರತದಲ್ಲಿ 18 ವರ್ಷ ತುಂಬದವರಿಂದ ಮದ್ಯದ ಮಾರಾಟ, ಸಾಗಣೆ, ಪೂರೈಕೆ ಮಾಡಿಸುವುದು ಶಿಕ್ಷಾರ್ಹ ಅಪರಾಧ. 18 ತುಂಬಿದವರನ್ನು ಕಾರ್ಮಿಕ ಕಾನೂನು ವಯಸ್ಕರೆಂದೇ ಎಣಿಸುತ್ತದೆ. ಈ ಲೇಖನ ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಪ್ರದೇಶ

ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ಪೂರ್ವದ ಅಂಚಿನಲ್ಲಿವೆ. ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಕೋಲಾರ, ಮುಳಬಾಗಿಲುಗಳನ್ನು ಹಾದು ಆಂಧ್ರಪ್ರದೇಶವನ್ನು ಸೇರುತ್ತದೆ. ಮಾಲೂರು ತಮಿಳುನಾಡಿಗೆ ತಾಗಿಕೊಂಡಿದೆ. ಶ್ರೀನಿವಾಸಪುರ ಆಂಧ್ರದ ಗಡಿಯಲ್ಲಿದ್ದು ಮಾವಿಗೆ ಹೆಸರಾಗಿದೆ. ಕೋಲಾರದ ಕೃಷಿ ಮಾರುಕಟ್ಟೆ ಟೊಮೆಟೊ ವಹಿವಾಟಿನ ದೊಡ್ಡ ಕೇಂದ್ರ. ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಲಾರಿ ಚಾಲಕರು, ಹಮಾಲರು, ವ್ಯಾಪಾರಿಗಳು, ಪಾಳಿ ಮುಗಿಸಿದ ಕಾರ್ಮಿಕರು ಬಂದುಹೋಗುವ ಇಂಥ ಊರುಗಳಲ್ಲಿ ಬಾರುಗಳಿಗೂ ಡಾಬಾಗಳಿಗೂ ಗಿರಾಕಿಗಳ ಕೊರತೆಯಿಲ್ಲ. ಶಾಶ್ವತ ನದಿಯಿಲ್ಲದ ಈ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಬೇಸಾಯದ ಆದಾಯ ಕುಸಿಯುತ್ತದೆ. ಆಗ ಸಾಲ ಮಾಡಿದ ಮನೆಯ ಹುಡುಗನಿಗೆ ಊಟ, ವಸತಿ, ಕೈಗೆ ಒಂದಿಷ್ಟು ಕಾಸು ಕೊಡುವ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಕೆಲಸದ ಸ್ವರೂಪ

ಬಾರಿನ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಹೊಸದಾಗಿ ಸೇರಿದವನು ಟೇಬಲ್ ಒರೆಸುವ, ಗ್ಲಾಸು ತೊಳೆಯುವ ಕ್ಲೀನರ್. ನಂತರ ನೀರು, ಸೋಡಾ, ನಂಚಿಕೆ ತಂದಿಡುವವನಾಗಿ, ಕೊನೆಗೆ ಮದ್ಯದ ಆರ್ಡರ್ ಪಡೆದು ಬಡಿಸುವ ಸಪ್ಲೈಯರ್ ಆಗುತ್ತಾನೆ. ಅಡುಗೆಮನೆಗೆಂದು ಸೇರಿಸಿಕೊಂಡ ಹುಡುಗ ಗಿರಾಕಿಗಳು ಹೆಚ್ಚಾದ ಹೊತ್ತಿನಲ್ಲಿ ಬಾಟಲಿ ಹಿಡಿದು ಟೇಬಲ್ಲಿಗೆ ಹೋಗದಂತೆ ತಡೆಯುವ ಗೋಡೆ ಬಾರಿನೊಳಗೆ ಇಲ್ಲ. ಈ ದಂಧೆಯ ಬಿರುಸು ಸಂಜೆ ಏಳರ ನಂತರದ್ದು. ಬಾಗಿಲು ಹಾಕಿದ ಮೇಲೂ ಪಾತ್ರೆ, ನೆಲ, ಖಾಲಿ ಬಾಟಲಿಗಳ ಕೆಲಸ ಉಳಿದಿರುತ್ತದೆ.

ಕಾನೂನು ಬೆಳೆದ ಬಗೆ

ಮಕ್ಕಳ ದುಡಿಮೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 1979ರಲ್ಲಿ ನೇಮಿಸಿದ ಸಮಿತಿಗೆ ಕನ್ನಡಿಗ ಎಂ. ಎಸ್. ಗುರುಪಾದಸ್ವಾಮಿ ಅಧ್ಯಕ್ಷರಾಗಿದ್ದರು. ಆ ಸಮಿತಿಯ ಶಿಫಾರಸುಗಳ ಹಿನ್ನೆಲೆಯಲ್ಲಿ 1986ರ ಬಾಲಕಾರ್ಮಿಕ ಕಾಯ್ದೆ ಬಂದಿತು. ಆದರೆ ಅದು ಎಲ್ಲ ಕೆಲಸವನ್ನೂ ನಿಷೇಧಿಸಲಿಲ್ಲ. ಹೋಟೆಲು, ಡಾಬಾ, ಚಹದಂಗಡಿಗಳಲ್ಲಿ 14ರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ಆದೇಶ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿ, ಶಾಲೆಯ ಹೊತ್ತಿನ ಹೊರಗೆ ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಲು ಮತ್ತು ಬಾಲ ಕಲಾವಿದರಾಗಿರಲು ಮಾತ್ರ ವಿನಾಯಿತಿ ಕೊಟ್ಟಿತು. 14ರಿಂದ 18ರ ನಡುವಿನವರನ್ನು 'ಕಿಶೋರರು' ಎಂದು ಗುರುತಿಸಿ, ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿತು.

ತೊಡಕು ಇರುವುದು ಇಲ್ಲಿಯೇ. ತಿದ್ದುಪಡಿಯೊಂದಿಗೆ ಬಂದ ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿ ಇದ್ದದ್ದು ಮೂರೇ ಬಾಬು: ಗಣಿ, ಬೆಂಕಿ ಹತ್ತುವ ಅಥವಾ ಸಿಡಿಯುವ ವಸ್ತುಗಳು, ಕಾರ್ಖಾನೆ ಕಾಯ್ದೆ ಹೆಸರಿಸಿದ ಅಪಾಯಕಾರಿ ಪ್ರಕ್ರಿಯೆಗಳು. ಮದ್ಯ ತಯಾರಿಸುವ ಡಿಸ್ಟಿಲರಿ, ಬ್ರೂವರಿಗಳು ಮೂರನೆಯ ಬಾಬಿನಲ್ಲಿ ಬಂದವು. ಮದ್ಯ ಬಡಿಸುವ ಬಾರು ಬರಲಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿದೆ. ಈ ಜಿಲ್ಲೆಯ ಹುಡುಗನಿಗೆ ಗಣಿಗಿಂತ ಬಾರಿನ ಬಾಗಿಲು ಎಷ್ಟೋ ಹತ್ತಿರ.

ಈಗಿನ ಸ್ಥಿತಿ

ಆ ತೆರಪನ್ನು ಮುಚ್ಚಿರುವುದು 2015ರ ಬಾಲನ್ಯಾಯ ಕಾಯ್ದೆ. ಅದರ 78ನೇ ಕಲಮಿನಂತೆ, 18 ತುಂಬದವರನ್ನು ಮದ್ಯ ಮಾರಲು, ಹೊತ್ತೊಯ್ಯಲು, ಪೂರೈಸಲು ಅಥವಾ ಕಳ್ಳಸಾಗಣೆ ಮಾಡಲು ಬಳಸಿಕೊಂಡವರಿಗೆ 7 ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಕ್ಕಳಿಗೆ ಮದ್ಯ ಕೊಡುವವರಿಗೆ 77ನೇ ಕಲಮಿನಲ್ಲಿ ಇಷ್ಟೇ ಶಿಕ್ಷೆ. ಪರವಾನಗಿ ಇಲ್ಲದೆ ಹಳ್ಳಿಯ ಗೂಡಂಗಡಿಯಲ್ಲಿ ಮದ್ಯದ ಪ್ಯಾಕೆಟ್ ಮಾರುವವನು ಹುಡುಗರನ್ನು ಬಳಸಿಕೊಂಡರೂ ಇದೇ ಕಲಮು ಅನ್ವಯವಾಗುತ್ತದೆ.

ಹೊತ್ತಿನ ನಿರ್ಬಂಧವೂ ಇದೆ. ಬಾಲಕಾರ್ಮಿಕ ಕಾಯ್ದೆಯಂತೆ ಕಿಶೋರರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಬಿಡುವೂ ಸೇರಿ ದಿನದ ಕೆಲಸ 6 ಗಂಟೆ ಮೀರಬಾರದು. ಹೆಚ್ಚುವರಿ ದುಡಿಮೆ ಇಲ್ಲ. ವಾರಕ್ಕೊಂದು ರಜೆ ಇರಬೇಕು. ಹೀಗಾಗಿ ಮದ್ಯವನ್ನು ಮುಟ್ಟದ ಕ್ಲೀನರ್ ಹುಡುಗನನ್ನೂ ಬಾರು ತನಗೆ ಬೇಕಾದ ಹೊತ್ತಿನಲ್ಲಿ ಇಟ್ಟುಕೊಳ್ಳಲಾಗದು. 14ರೊಳಗಿನವರನ್ನು ದುಡಿಸಿದರೆ 6 ತಿಂಗಳಿಂದ 2 ವರ್ಷ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಉಂಟು.

ಹುಡುಗನ ವಯಸ್ಸಿನ ಬಗ್ಗೆ ಅನುಮಾನ ಬಂದಾಗ ಬಾಲನ್ಯಾಯ ಕಾಯ್ದೆ ಮೊದಲು ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಕೇಳುತ್ತದೆ; ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರವನ್ನು, ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆಯನ್ನು. 'ಹದಿನೆಂಟಾಗಿದೆ' ಎಂಬ ಮಾಲೀಕನ ಬಾಯಿಮಾತಿಗೆ ಬೆಲೆಯಿಲ್ಲ.

ಕರ್ನಾಟಕದ ಅಬಕಾರಿ ನಿಯಮಗಳಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಪ್ರಕಟಿಸಿದ್ದ ಸರ್ಕಾರ, ಸಾರ್ವಜನಿಕರ ವಿರೋಧದ ನಂತರ ಅದನ್ನು ಕೈಬಿಟ್ಟಿತು.

ವಾದ ಪ್ರತಿವಾದ

ಹದಿಹರೆಯದವರ ಈ ಕೆಲಸಕ್ಕೆ ಅನುಮತಿ ಇರಲಿ ಎನ್ನುವವರು ಬಡತನವನ್ನು ಮುಂದಿಡುತ್ತಾರೆ. ಕಡ್ಡಾಯ ಉಚಿತ ಶಿಕ್ಷಣದ ಹಕ್ಕು 14 ವರ್ಷಕ್ಕೆ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗ 18 ತುಂಬುವವರೆಗೆ ಏನು ಮಾಡಬೇಕು ಎಂಬ ಅವರ ಪ್ರಶ್ನೆ ನಿಜವಾದದ್ದು. ಕರ್ನಾಟಕದಲ್ಲಿ 1990ರಲ್ಲಿ ಹುಟ್ಟಿದ, ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘವು ತಮ್ಮ ಬದುಕಿನ ತೀರ್ಮಾನಗಳಲ್ಲಿ ಮಕ್ಕಳ ಮಾತಿಗೂ ಜಾಗ ಬೇಕೆಂದು ಕೇಳಿತು. ಇದಕ್ಕೆದುರಾಗಿ ಮ್ಯಾಗ್ಸೆಸೆ ಪುರಸ್ಕೃತೆ ಶಾಂತಾ ಸಿನ್ಹಾ ಅವರು ನೆರೆಯ ಅವಿಭಜಿತ ಆಂಧ್ರಪ್ರದೇಶದಲ್ಲಿ ಕಟ್ಟಿದ ಚಳವಳಿಯು ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದು ವಾದಿಸಿತು.

ಹೋಟೆಲಿನಲ್ಲಿ ದುಡಿದೇ ಮೇಲೆ ಬಂದ ಕನ್ನಡಿಗರ ಉದಾಹರಣೆಯನ್ನೂ ಕೊಡುವುದುಂಟು. ಮುಂಬಯಿಯ ಉಡುಪಿ ಹೋಟೆಲುಗಳಿಗೆ ಹೋದ ಕರಾವಳಿಯ ಹುಡುಗರು ಹಗಲು ದುಡಿದು, ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ್ದು ನಿಜ. ಆದರೆ ಬಾರಿಗೆ ಈ ಹೋಲಿಕೆ ಸಲ್ಲದು. ರಾತ್ರಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಬಾರಿನ ಕೆಲಸ ಏರುತ್ತದೆ. ಕುಡಿದವರ ಬೈಗುಳ, ಹೊಡೆದಾಟ, ಬಿಲ್ಲಿನ ತಕರಾರುಗಳಿಗೆ ಮೊದಲು ಮೈಯೊಡ್ಡುವವನು ಟೇಬಲ್ಲಿನ ಬಳಿ ನಿಂತ ಹುಡುಗ. ಗ್ಲಾಸಿನಲ್ಲಿ ಉಳಿದ ಮದ್ಯ ಅವನ ಕೈಗೆಟುಕುವಲ್ಲೇ ಇರುತ್ತದೆ.

ಬೇರೆ ದೇಶಗಳಲ್ಲಿ

ಜರ್ಮನಿಯಲ್ಲಿ 16 ದಾಟಿದವರು ಊಟ-ಪಾನೀಯದ ಗೃಹಗಳಲ್ಲಿ ರಾತ್ರಿ 10ರವರೆಗೆ ದುಡಿಯಬಹುದು. ಇಂಗ್ಲೆಂಡಿನಲ್ಲಿ 18ರೊಳಗಿನವರು ಮದ್ಯ ಮಾರಬೇಕಾದರೆ ಹೊಣೆಗಾರ ವ್ಯಕ್ತಿಯ ಒಪ್ಪಿಗೆ ಇರಬೇಕು. ಅಮೆರಿಕದಲ್ಲಿ ಕುಡಿಯುವ ವಯಸ್ಸು 21. ಬಡಿಸುವ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಪಾಯಕಾರಿ ಕೆಲಸಕ್ಕೆ 18ನ್ನು ಕನಿಷ್ಠ ವಯಸ್ಸಾಗಿಸುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಡಂಬಡಿಕೆಗಳನ್ನು ಭಾರತ 2017ರಲ್ಲಿ ಸ್ಥಿರೀಕರಿಸಿತು.

ತೀರ್ಮಾನ ಮತ್ತು ಪರಿಹಾರ

18ರೊಳಗಿನವರಿಗೆ ಬಾರಿನ ಕೆಲಸ ಬೇಡ ಎಂಬ ಕಾನೂನಿನ ತೀರ್ಪು ಸರಿಯಾದದ್ದು. ಅದನ್ನು ಸಡಿಲಿಸಲು ಬಡತನ ಕಾರಣವಾಗಬಾರದು. ಕೊಳ್ಳಲು 21 ಆಗಬೇಕೆನ್ನುವ ರಾಜ್ಯದಲ್ಲಿ 18, 19ರ ಹುಡುಗರನ್ನೂ ಮದ್ಯ ಬಡಿಸುವುದರಿಂದ ದೂರವಿಟ್ಟು ಅಡುಗೆಮನೆ, ಲೆಕ್ಕದ ಕೆಲಸಗಳಿಗೆ ಸೀಮಿತಗೊಳಿಸುವುದು ಒಳಿತು. ಆದರೆ ಕೆಲಸ ಬಿಡಿಸಿದರಷ್ಟೇ ಸಾಲದು. ಬಿಡುಗಡೆಯಾದವರನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ಪೂರಕ ಪರೀಕ್ಷೆ, ಐಟಿಐ, ವಿದ್ಯಾರ್ಥಿನಿಲಯಗಳ ದಾರಿ ತೋರಿಸಬೇಕು. ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಂಥ ನೆರವಿದೆ. ಅದು ಹಳ್ಳಿಯ ಮನೆಗಳಿಗೆ ತಿಳಿಯಬೇಕು. ಬಾರಿನಲ್ಲಿ ಮಕ್ಕಳು ದುಡಿಯುವುದು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು.